ಇಲಿ ಕಟ್ಟಿಸಿದ ಬಡಾವಣೆ: ಮಾಟುಂಗಾದ ಗಾಳಿ ಬೆಳಕಿನ ಕಥೆ

"ಈ ಬಿಲ್ಡಿಂಗ್ ಕಟ್ಟಿಸಿದ್ದು ಯಾರು ಗೊತ್ತುಂಟಾ? ಇಲಿ!"

ಮೊದಲ ಸಲ ಮುಂಬಯಿಗೆ ಬಂದಾಗ ಚಿಕ್ಕಪ್ಪ ಹೀಗೆ ಹೇಳಿ ನಕ್ಕಿದ್ದರು. ಅವರು ಉಡುಪಿ ಕಡೆಯಿಂದ ಹೊಟೇಲು ಕೆಲಸಕ್ಕೆ ಬಂದು, ರಾತ್ರಿ ಶಾಲೆಯಲ್ಲಿ ಓದಿ, ಗುಮಾಸ್ತರಾದವರು. ಮಾಟುಂಗಾ ಪೂರ್ವದಲ್ಲಿ ಎರಡನೇ ಮಾಳಿಗೆಯ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಸಣ್ಣ ಗ್ಯಾಲರಿ. ಅಲ್ಲಿ ಬೆಳಿಗ್ಗೆ ಹತ್ತರ ತನಕ ಬಿಸಿಲು. ಚಿಕ್ಕಮ್ಮ ಅದರಲ್ಲೇ ಸಂಡಿಗೆ ಒಣಗಿಸುತ್ತಿದ್ದರು. ಪಕ್ಕದ ಬಿಲ್ಡಿಂಗಿಗೂ ನಮಗೂ ನಡುವೆ ಸಾಕಷ್ಟು ಜಾಗ, ಒಂದು ತೆಂಗಿನ ಮರ, ಮೇಲೆ ಆಕಾಶದ ದೊಡ್ಡ ತುಂಡು. ಮುಂಬಯಿ ಅಂದರೆ ಉಸಿರು ಕಟ್ಟುವ ಊರು ಅಂತ ಕೇಳಿಕೊಂಡು ಬಂದವನು ನಾನು. ಇಷ್ಟು ಜಾಗ ಹೇಗೆ ಬಿಟ್ಟರು ಅಂತ ಕೇಳಿದ್ದಕ್ಕೆ ಸಿಕ್ಕ ಉತ್ತರ ಇಲಿ.

ತಮಾಷೆ ಅಂದುಕೊಂಡು ಸುಮ್ನಾದೆ. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಅದು ಹೆಚ್ಚುಕಡಿಮೆ ನಿಜ.

ಮಾಟುಂಗಾ ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದು ಫೈವ್ ಗಾರ್ಡನ್ಸ್ ಕಡೆ ನಡೆದವರಿಗೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಹಳೇ ಬಿಲ್ಡಿಂಗುಗಳೆಲ್ಲ ಒಂದೇ ಎತ್ತರ, ಮೂರೋ ನಾಲ್ಕೋ ಮಾಳಿಗೆ. ಒಂದಕ್ಕೊಂದು ಅಂಟಿಕೊಂಡಿಲ್ಲ. ರಸ್ತೆ ನೇರ, ಎರಡೂ ಕಡೆ ಮರ, ನಡುನಡುವೆ ಉದ್ಯಾನ. ಇದೇ ನಗರದ ಕಾಲ್ಬಾದೇವಿಯಲ್ಲೋ ಭುಲೇಶ್ವರದಲ್ಲೋ ಹೀಗಿಲ್ಲ. ಇಲ್ಲಿ ಮಾತ್ರ ಹೀಗೇಕೆ ಅಂತ ತಿಳಿಯಬೇಕಾದರೆ 1896ಕ್ಕೆ ಹೋಗಬೇಕು.

ಕೆಟ್ಟ ಗಾಳಿ ಅನ್ನುವ ತಪ್ಪು ಲೆಕ್ಕ

ಆ ವರ್ಷದ ಸೆಪ್ಟೆಂಬರಿನಲ್ಲಿ ಬಂದರಿನ ಹತ್ತಿರದ ಮಾಂಡ್ವಿಯಲ್ಲಿ ಜನ ಸಾಯತೊಡಗಿದರು. ಮಾಂಡ್ವಿ ಅಂದರೆ ಧಾನ್ಯದ ಗೋದಾಮುಗಳ ಪೇಟೆ. ಜೋರು ಜ್ವರ, ತೊಡೆಸಂದಿನಲ್ಲಿ, ಕಂಕುಳಲ್ಲಿ ಗಡ್ಡೆ. ಗೋವಾ ಮೂಲದ ಡಾಕ್ಟರ್ ಅಕಾಸಿಯೋ ಗೇಬ್ರಿಯಲ್ ವೀಗಸ್ ಇದು ಪ್ಲೇಗು ಅಂತ ಗುರುತು ಹಿಡಿದರು. 1891ರ ಗಣತಿಯ ಪ್ರಕಾರ ಬೊಂಬಾಯಿಯಲ್ಲಿ ಸುಮಾರು 8 ಲಕ್ಷ 20 ಸಾವಿರ ಜನ ಇದ್ದರು. ಕೆಲವೇ ತಿಂಗಳಲ್ಲಿ ಅವರಲ್ಲಿ ಲಕ್ಷಗಟ್ಟಲೆ ಮಂದಿ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಗಿರಣಿಗೆ ಆಳಿಲ್ಲ, ಬಂದರಿಗೆ ಹಮಾಲರಿಲ್ಲ. ಸರ್ಕಾರಕ್ಕೆ ಸಾವಿನ ಚಿಂತೆ ಎಷ್ಟಿತ್ತೋ, ವ್ಯಾಪಾರ ನಿಂತುಹೋದ ಚಿಂತೆಯೂ ಅಷ್ಟೇ ಇತ್ತು ಅಂತ ನನ್ನ ಅನಿಸಿಕೆ.

ಪ್ಲೇಗು ಹೇಗೆ ಹರಡುತ್ತದೆ? ಇಲಿಯ ಮೈಮೇಲಿನ ಚಿಗಟ ಕಚ್ಚುವುದರಿಂದ. ಇದು ಇವತ್ತು ಶಾಲೆಯ ಮಕ್ಕಳಿಗೂ ಗೊತ್ತು. ಆಗ ಗೊತ್ತಿರಲಿಲ್ಲ. ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರು, ನಿಜ. ಆದರೆ ಅದು ಮನುಷ್ಯನ ಮೈ ಸೇರುವ ದಾರಿ ಯಾವುದು ಅನ್ನುವುದು ಸ್ಪಷ್ಟವಿರಲಿಲ್ಲ. ಚಿಗಟದ ಮಾತನ್ನು ಪಾಲ್ ಲೂಯಿ ಸಿಮಾಂಡ್ 1898ರಲ್ಲಿ ಹೇಳಿದಾಗ ಬಹಳ ಜನ ನಂಬಲಿಲ್ಲ. ಬೊಂಬಾಯಿಯಲ್ಲೇ ಪರೀಕ್ಷೆ ನಡೆದು ಅದು ಗಟ್ಟಿಯಾಗಿ ಸಾಬೀತಾಗುವಾಗ ಇನ್ನೂ ಹತ್ತು ವರ್ಷ ಕಳೆದಿತ್ತು.

ಅಲ್ಲಿಯ ತನಕ ಅಧಿಕಾರಿಗಳು ನಂಬಿದ್ದು ಹಳೇ ಲೆಕ್ಕವನ್ನು. ಕತ್ತಲೆ, ತೇವ, ಕೊಳೆ, ನಿಂತ ಗಾಳಿ. ಇವು ಸೇರಿದಲ್ಲಿ ರೋಗ ಹುಟ್ಟುತ್ತದೆ. ಚಾಳುಗಳ, ಅಂದರೆ ಒಂದೊಂದೇ ಕೋಣೆಯ ಮನೆಗಳು ಸಾಲಾಗಿರುವ ಬಾಡಿಗೆ ಕಟ್ಟಡಗಳ, ಒಳಗೆ ಬಿಸಿಲು ಬೀಳುವುದಿಲ್ಲ, ಸಮುದ್ರದ ಗಾಳಿ ಹೋಗುವುದಿಲ್ಲ, ಅದಕ್ಕೇ ಪ್ಲೇಗು. ಹಾಗಾದರೆ ಮದ್ದು ಏನು? ಊರನ್ನು ಕೊರೆದು ಗಾಳಿಗೆ ದಾರಿ ಮಾಡುವುದು. ಕಿಕ್ಕಿರಿದ ಜನರನ್ನು ಹೊರಗೆ ಹರಡುವುದು. ರೋಗದ ಕಾರಣ ತಪ್ಪಾಗಿ ತಿಳಿದವರು ಹಾಕಿದ ಯೋಜನೆ ಇದು. ಮಾಟುಂಗಾದ ನೆರಳಿನ ರಸ್ತೆಗಳು ಆ ತಪ್ಪಿನಿಂದಲೇ ಹುಟ್ಟಿದ್ದು ಅನ್ನುವುದು ನನಗೆ ಇವತ್ತಿಗೂ ಮಜಾ ಅನಿಸುತ್ತದೆ.

ಬೆಂಗಳೂರಿನವರಿಗೆ ಈ ಕಥೆ ಪೂರ್ತಿ ಹೊಸದಲ್ಲ. 1898ರಲ್ಲಿ ಅಲ್ಲಿಗೂ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಬಿಟ್ಟು ಜನ ಹೋಗಲಿ ಅಂತ ಮಲ್ಲೇಶ್ವರ, ಬಸವನಗುಡಿ ಬೆಳೆದವು. ಹಾಗೆ ನೋಡಿದರೆ ಮಾಟುಂಗಾ ಮತ್ತು ಮಲ್ಲೇಶ್ವರ ಒಂದೇ ಜ್ವರದ ಮಕ್ಕಳು. ಎರಡೂ ಕಡೆ ಹೂವಿನ ಅಂಗಡಿ, ಫಿಲ್ಟರ್ ಕಾಫಿ ಇರುವುದು ಮಾತ್ರ ಬೇರೆ ಕಾರಣಕ್ಕೆ.

ಟ್ರಸ್ಟ್ ಅಂದರೆ ಏನು?

1898ರಲ್ಲಿ ಒಂದು ಕಾಯ್ದೆ ಮಾಡಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಅನ್ನುವ ಸಂಸ್ಥೆ ಕಟ್ಟಿದರು. ಇವತ್ತಿನ ಭಾಷೆಯಲ್ಲಿ ಹೇಳಬೇಕಾದರೆ ಬೆಂಗಳೂರಿನ ಬಿಡಿಎ ತರಹದ್ದು ಅಂದುಕೊಳ್ಳಿ. ಜಮೀನು ವಶ ಮಾಡಿಕೊಳ್ಳುವ ಅಧಿಕಾರ ಅದಕ್ಕಿತ್ತು. ಸರ್ಕಾರ ಮತ್ತು ಮುನಿಸಿಪಾಲಿಟಿ ತಮ್ಮ ಖಾಲಿ ಜಾಗಗಳನ್ನು ಅದರ ಕೈಗೆ ಕೊಟ್ಟವು. ಉಳಿದದ್ದಕ್ಕೆ ಸಾಲ. ಲೆಕ್ಕ ಸರಳ. ಅಗ್ಗದ ಜಮೀನು ತೆಗೆದುಕೊಳ್ಳಬೇಕು, ರಸ್ತೆ, ಚರಂಡಿ, ನೀರು ಹಾಕಬೇಕು. ಆಗ ಜಮೀನಿಗೆ ಬೆಲೆ ಬರುತ್ತದೆ. ಅದನ್ನು ಸೈಟು ಮಾಡಿ ಲೀಸಿಗೆ ಕೊಟ್ಟು ಬಂದ ಬಾಡಿಗೆಯಲ್ಲಿ ಸಾಲ ತೀರಿಸಬೇಕು.

ಟ್ರಸ್ಟ್ ಮೊದಲು ಕೈ ಹಾಕಿದ್ದು ಹಳೇ ಊರಿಗೆ. ನಾಗಪಾಡಾದಂಥ ಜಾಗಗಳಲ್ಲಿ ಚಾಳುಗಳನ್ನು ಕೆಡವಿತು. ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್ ಅಂತ ಅಗಲ ರಸ್ತೆಗಳನ್ನು ಪಶ್ಚಿಮದ ಸಮುದ್ರದಿಂದ ಊರಿನ ಒಳಕ್ಕೆ ಗಾಳಿ ಹರಿಯುವ ಹಾಗೆ ಕೊರೆಯಿತು. ಆದರೆ ಕೆಡವಿದಷ್ಟು ಬೇಗ ಕಟ್ಟಲಿಲ್ಲ. ಮನೆ ಕಳೆದುಕೊಂಡ ಕೂಲಿಯವರು ಪಕ್ಕದ ಗಲ್ಲಿಯ ಇನ್ನೊಂದು ಚಾಳಿಗೆ ನುಗ್ಗಿದರು. ಇಕ್ಕಟ್ಟು ಇನ್ನೂ ಜಾಸ್ತಿಯಾಯಿತು. ಇದಕ್ಕಾಗಿ ಆ ಕಾಲದಲ್ಲೇ ಟ್ರಸ್ಟ್ ಸಾಕಷ್ಟು ಬೈಸಿಕೊಂಡಿದೆ.

ಎರಡನೇ ದಾರಿ ಉತ್ತರಕ್ಕೆ ಹೋಗುವುದು. 1899-1900ರ ಸುಮಾರಿಗೆ ದಾದರ್, ಮಾಟುಂಗಾ, ವಡಾಲಾ, ಸಾಯನ್ ಸೇರಿಸಿ ಯೋಜನೆ ಹಾಕಿದರು. ಟ್ರಸ್ಟಿನ ಕಾಗದದಲ್ಲಿ ಇವು ಐದನೇ ಮತ್ತು ಆರನೇ ಸ್ಕೀಮುಗಳು. ದಾದರ್-ಮಾಟುಂಗಾದಲ್ಲಿ 60 ಸಾವಿರ ಜನ, ಸಾಯನ್-ಮಾಟುಂಗಾದಲ್ಲಿ ಅಷ್ಟೇ ಜನ, ಶಿವ್ಡಿ-ವಡಾಲಾದಲ್ಲಿ 85 ಸಾವಿರ ಅಂತ ಲೆಕ್ಕ. ಅಂದರೆ ಎರಡು ಲಕ್ಷ ಜನರ ಹೊಸ ಊರು.

ಆಗ ಇಲ್ಲಿ ಇದ್ದದ್ದೇನು? ಗದ್ದೆ, ತೋಟ, ಜೌಗು, ಸಣ್ಣ ಸಣ್ಣ ಹಳ್ಳಿ. 1890ರಲ್ಲಿ ಶುರುವಾದ ಕುಷ್ಠರೋಗಿಗಳ ಆಕ್‌ವರ್ಥ್ ಆಸ್ಪತ್ರೆ. ಊರಿನೊಳಗೆ ಬೇಡವಾದದ್ದನ್ನು ಕಳಿಸುವ ದಿಕ್ಕು ಇದು. ಮಾಟುಂಗಾ ಅನ್ನುವ ಹೆಸರಿಗೆ ಮಾತಂಗ ಮೂಲ, ಮಾಹಿಮಿನ ರಾಜ ಭೀಮದೇವನ ಆನೆಲಾಯ ಇಲ್ಲಿತ್ತು ಅಂತ ಒಂದು ಕಥೆ ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಹಂಪಿಯ ಮಾತಂಗ ಬೆಟ್ಟ ನೋಡಿದ ನಮಗೆ ಕೇಳಲು ಚೆನ್ನಾಗಿದೆ.

ಜೌಗು ಅನ್ನುವ ಮಾತು ಮರೆಯಬೇಡಿ. ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಕಡೆ ಪ್ರತಿ ಮಳೆಗಾಲ ಮೊಣಕಾಲು ನೀರು ನಿಲ್ಲುತ್ತದಲ್ವಾ? ಅದು ತಟ್ಟೆಯ ಹಾಗೆ ತಗ್ಗಾದ ನೆಲ. ಮೇಲೆ ಎಷ್ಟು ಚೆಂದದ ಯೋಜನೆ ಹಾಕಿದರೂ ನೀರಿಗೆ ತನ್ನ ಹಳೇ ಗದ್ದೆ ನೆನಪಿರುತ್ತದೆ.

ಅರವತ್ತಮೂರೂವರೆ ಡಿಗ್ರಿ

ಈಗ ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಸ್ವಲ್ಪ ಲೆಕ್ಕ ಇದೆ, ಹೆದರಬೇಡಿ.

ಮನೆಯೊಳಗೆ ಬೆಳಕು ಬರಬೇಕು ಅಂತ ಕಾನೂನು ಮಾಡುವುದು ಹೇಗೆ? "ಸಾಕಷ್ಟು ಜಾಗ ಬಿಡಿ" ಅಂದರೆ ಯಾವ ಮಾಲೀಕನೂ ಬಿಡುವುದಿಲ್ಲ. ಸಾಕಷ್ಟು ಅಂದರೆ ಎಷ್ಟು ಅಂತ ಅಳೆಯಲು ಬರಬೇಕು. 1910ರ ಆಸುಪಾಸಿನಲ್ಲಿ ಟ್ರಸ್ಟಿನ ಮುಖ್ಯಸ್ಥರಾಗಿದ್ದ ಜೆ. ಪಿ. ಓರ್ ಅನ್ನುವ ಅಧಿಕಾರಿಗೆ ಇದೊಂದು ಹುಚ್ಚೇ ಆಗಿತ್ತು. ಅವರು ಎತ್ತಿ ಹಿಡಿದದ್ದು ಅರವತ್ತಮೂರೂವರೆ ಡಿಗ್ರಿಯ ನಿಯಮ.

ಹೀಗೆ ಯೋಚನೆ ಮಾಡಿ. ನೀವು ನೆಲಮಟ್ಟದ ಕೋಣೆಯ ಕಿಟಕಿಯ ಬುಡದಲ್ಲಿ ಕೂತಿದ್ದೀರಿ. ಎದುರಿಗೆ ಇನ್ನೊಂದು ಬಿಲ್ಡಿಂಗ್. ಅದರ ತುದಿ ನೋಡಲು ಕುತ್ತಿಗೆ ಎತ್ತುತ್ತೀರಿ. ನೆಲದಿಂದ ನಿಮ್ಮ ನೋಟ ಎಷ್ಟು ಡಿಗ್ರಿ ಮೇಲಕ್ಕೆ ಹೋಯಿತು? ಅದು ಅರವತ್ತಮೂರೂವರೆಗಿಂತ ಜಾಸ್ತಿ ಆಗಬಾರದು. ಅದಕ್ಕಿಂತ ಮೇಲಿನದ್ದೆಲ್ಲ ನಿಮ್ಮ ಪಾಲಿನ ಆಕಾಶ. ಅದನ್ನು ಯಾರೂ ಮುಚ್ಚುವ ಹಾಗಿಲ್ಲ.

ಈ ವಿಚಿತ್ರ ಸಂಖ್ಯೆ ಯಾಕೆ? ಅದರ ಹಿಂದೆ ಸುಲಭದ ಲೆಕ್ಕವಿದೆ. ಆ ಕೋನ ಬರಬೇಕಾದರೆ ಎದುರಿನ ಗೋಡೆಯ ಎತ್ತರದ ಅರ್ಧದಷ್ಟು ದೂರ ಬೇಕು. 40 ಅಡಿ ಬಿಲ್ಡಿಂಗ್ ಆದರೆ ನಡುವೆ 20 ಅಡಿ. 60 ಅಡಿ ಆದರೆ 30 ಅಡಿ. ಮೇಸ್ತ್ರಿಗೆ ಕೋನಮಾಪಕ ಬೇಡ, ಟೇಪು ಸಾಕು. ಎತ್ತರಕ್ಕೆ ಕಟ್ಟುವ ಆಸೆ ಇದ್ದರೆ ಕಟ್ಟಪ್ಪಾ, ಆದರೆ ಅಷ್ಟೇ ಜಾಗ ಕಳೆದುಕೋ. ದುಡ್ಡಿನ ಲೆಕ್ಕ ಹಾಕಿದ ಮಾಲೀಕ ತಾನಾಗಿಯೇ ಮೂರು ನಾಲ್ಕು ಮಾಳಿಗೆಗೆ ನಿಲ್ಲುತ್ತಾನೆ.

ಈ ಮಾತನ್ನು ಜಾರಿಗೆ ತರುವ ಹಗ್ಗ ಟ್ರಸ್ಟಿನ ಕೈಯಲ್ಲೇ ಇತ್ತು. ಅದು ಸೈಟು ಮಾರಲಿಲ್ಲ, ದೀರ್ಘ ಕಾಲದ ಲೀಸಿಗೆ ಕೊಟ್ಟಿತು. ನೆಲ ಟ್ರಸ್ಟಿನದು, ಮೇಲಿನ ಕಟ್ಟಡ ನಿಮ್ಮದು. ಎಷ್ಟು ಎತ್ತರ, ಸುತ್ತ ಎಷ್ಟು ಬಿಡಬೇಕು, ಎಲ್ಲ ಲೀಸಿನ ಕಾಗದದಲ್ಲಿ. ಮುನಿಸಿಪಾಲಿಟಿಯ ನಿಯಮವಾದರೆ ಮುರಿದು ದಂಡ ಕಟ್ಟಬಹುದು. ಲೀಸಿನ ಷರತ್ತು ಮುರಿದರೆ ಕಾಲ ಕೆಳಗಿನ ನೆಲವೇ ಹೋದೀತು. ಊರಲ್ಲಿ ಗೇಣಿ ಪದ್ಧತಿ ಕಂಡವರಿಗೆ ಈ ಹೆದರಿಕೆ ಬಿಡಿಸಿ ಹೇಳಬೇಕಾಗಿಲ್ಲ.

ಮರ ಮೊದಲು, ಮನೆ ಆಮೇಲೆ

ಸೈಟುಗಳನ್ನು ಬಿಡಿ ಬಿಡಿಯಾಗಿ ಕೊಟ್ಟಿದ್ದರೂ ಕೆಲವು ಸಮುದಾಯಗಳು ಒಟ್ಟಿಗೆ ಬಂದವು. ದಾದರ್ ಪಾರ್ಸಿ ಕಾಲೋನಿ ಅದರಲ್ಲಿ ಹೆಸರುವಾಸಿ. ಮಂಚೇರ್ಜಿ ಎದುಲ್ಜಿ ಜೋಶಿ ಅನ್ನುವ ಎಂಜಿನಿಯರ್ ಅಧಿಕಾರಿಗಳ ಬೆನ್ನು ಹತ್ತಿ, ಕೆಳಮಧ್ಯಮ ವರ್ಗದ ಪಾರ್ಸಿಗಳಿಗೆ ಅಂತ 103 ಸೈಟುಗಳನ್ನು ತೆಗೆದಿರಿಸುವ ಹಾಗೆ ಮಾಡಿದರು. ಮನೆ ಏಳುವ ಮೊದಲೇ ಅವರು ಸಸಿ ನೆಡಿಸಿದರು. ಒಂದು ರಸ್ತೆಗೆ ಒಂದು ಜಾತಿಯ ಮರ. ಜಾಮ್-ಎ-ಜಮ್‌ಶೆದ್ ರಸ್ತೆಗೆ ಅಶೋಕ, ಫಿರ್ದೌಸಿ ರಸ್ತೆಗೆ ಮಹಾಗನಿ. ಜೋಶಿ ಅಂದರೆ ನಮ್ಮ ಧಾರವಾಡದ ಕಡೆಯವರು ಅಂದುಕೊಂಡಿದ್ದೆ ನಾನು. ಅಪ್ಪಟ ಪಾರ್ಸಿ. ಫೈವ್ ಗಾರ್ಡನ್ಸ್‌ಗೆ ಈಗ ಇರುವ ಅಧಿಕೃತ ಹೆಸರು ಅವರದೇ. ಆದರೆ ಟ್ಯಾಕ್ಸಿಯವರಿಗೆ ಆ ಹೆಸರು ಹೇಳಿ ನೋಡಿ!

ಪಕ್ಕದ ಹಿಂದೂ ಕಾಲೋನಿಯಲ್ಲಿ ಇನ್ನೊಂದು ಮನೆ ಇದೆ. ಡಾ. ಅಂಬೇಡ್ಕರರ ರಾಜಗೃಹ. 1930ರ ದಶಕದಲ್ಲಿ ಅವರು ತಮಗೂ ತಮ್ಮ ಪುಸ್ತಕಗಳಿಗೂ ಅಂತ ಕಟ್ಟಿಸಿದ್ದು. ಪುಸ್ತಕಗಳು ಸುಮಾರು 50 ಸಾವಿರ. ಪರೇಲಿನ ಚಾಳಿನ ಸಣ್ಣ ಕೋಣೆಗಳಲ್ಲಿ ವರ್ಷಗಟ್ಟಲೆ ಬಾಳಿದ ಮನುಷ್ಯ ಬೆಳಕು ಬೀಳುವ ಓದುಕೋಣೆಗೆ ಬಂದದ್ದು ಇದೇ ಸ್ಕೀಮಿನ ಸೈಟಿನಲ್ಲಿ. ಸ್ಕೀಮಿನ ನಡುವೆ ಹಾದುಹೋಗುವ ದೊಡ್ಡ ರಸ್ತೆಗೆ ಈಗ ಅವರ ಹೆಸರೇ ಇದೆ.

ಆದರೆ ನಕ್ಷೆ ಹಾಕಿದ ಕೂಡಲೇ ಜನ ಬಂದರು ಅಂದುಕೊಳ್ಳಬೇಡಿ. ಎಷ್ಟೋ ವರ್ಷ ಸೈಟುಗಳು ಖಾಲಿ ಬಿದ್ದಿದ್ದವು. ಕೋಟೆ ಕಡೆಯ ಆಫೀಸಿಗೆ ಇಲ್ಲಿಂದ ಹತ್ತು ಕಿಲೋಮೀಟರು. ರಾತ್ರಿ ಇಲ್ಲಿ ನರಿ ಕೂಗುತ್ತಿತ್ತು ಅಂತ ಹಳಬರು ಹೇಳುವುದನ್ನು ಕೇಳಿದ್ದೇನೆ. ಜನ ಬರಲು ಶುರುವಾದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. ವಿಜೆಟಿಐ ಎಂಜಿನಿಯರಿಂಗ್ ಕಾಲೇಜು 1923ರಲ್ಲಿ ಭಾಯಖಳದಿಂದ ಇಲ್ಲಿಗೆ ಬಂತು. 1925ರ ಫೆಬ್ರವರಿಯಲ್ಲಿ ಹಾರ್ಬರ್ ಲೈನಿನಲ್ಲಿ ದೇಶದ ಮೊದಲ ವಿದ್ಯುತ್ ರೈಲು ಓಡಿತು. ದಾದರಿನಲ್ಲಿ ಟ್ರಾಮಿನ ಕೊನೆಯ ನಿಲ್ದಾಣ. ಟ್ರಾಮು 1964ರಲ್ಲೇ ನಿಂತಿತು, ಆದರೆ ಜನ ಇವತ್ತಿಗೂ ದಾದರ್ ಟೀಟಿ ಅಂತಲೇ ಹೇಳುತ್ತಾರೆ. ಟೀಟಿ ಅಂದರೆ ಟ್ರಾಮ್ ಟರ್ಮಿನಸ್ ಅಂತ ನನಗೆ ಗೊತ್ತಾದದ್ದು ಬಂದು ಹದಿನೈದು ವರ್ಷವಾದ ಮೇಲೆ.

ಟ್ರಸ್ಟಿನವರ ಮನಸ್ಸಿನಲ್ಲಿ ಇದ್ದದ್ದು ತೋಟದ ನಡುವಿನ ಬಂಗಲೆಗಳು, ಇಂಗ್ಲೆಂಡಿನ ಹಾಗೆ. ಆದರೆ ಜಮೀನಿನ ಬೆಲೆ, ಬಾಡಿಗೆಯ ಲಾಭ ಎರಡೂ ಬೇರೆ ಮಾತು ಹೇಳಿದವು. ಸೈಟು ಹಿಡಿದವರು ಬಂಗಲೆ ಕಟ್ಟಲಿಲ್ಲ. ನಿಯಮ ಬಿಟ್ಟಷ್ಟು ಎತ್ತರಕ್ಕೆ ಮಾಳಿಗೆ ಏರಿಸಿ ಬಾಡಿಗೆಗೆ ಕೊಟ್ಟರು. ಸಿಮೆಂಟು ಕಾಂಕ್ರೀಟು ಬಂದಿತ್ತು. 1930ರ ದಶಕದ ದುಂಡು ಗ್ಯಾಲರಿಗಳ, ಅಡ್ಡಗೆರೆಗಳ ಆರ್ಟ್ ಡೆಕೊ ಬಿಲ್ಡಿಂಗುಗಳು ಹೀಗೆ ಎದ್ದವು. ಹಡಗಿನ ಕಿಟಕಿಯ ಹಾಗೆ ದುಂಡು ಕಿಟಕಿ ಕಂಡರೆ ಅದು ಆ ಕಾಲದ್ದು ಅಂತ ತಿಳಿಯಿರಿ.

ಮನೆಯೊಳಗೆ ಕಕ್ಕಸು

ಈ ಬಿಲ್ಡಿಂಗುಗಳು ಮುಂಬಯಿಯ ಮಧ್ಯಮ ವರ್ಗಕ್ಕೆ ಒಂದು ಹೊಸ ವಸ್ತುವನ್ನು ಕೊಟ್ಟವು. ಅದಕ್ಕೆ ಇಲ್ಲಿನವರು ಬ್ಲಾಕ್ ಅನ್ನುತ್ತಾರೆ. ಚಾಳಿನಲ್ಲಿ ಸಾಲಾಗಿ ಖೋಲಿಗಳು, ಮುಂದೆ ಎಲ್ಲರಿಗೂ ಸೇರಿದ ಉದ್ದ ಗ್ಯಾಲರಿ, ಕೊನೆಯಲ್ಲಿ ಎಲ್ಲರಿಗೂ ಒಂದೇ ನಳ, ಒಂದೇ ಕಕ್ಕಸು. ಬ್ಲಾಕಿನಲ್ಲಿ ಹಾಗಲ್ಲ. ಬಾಗಿಲು ಹಾಕಿದರೆ ಅಡುಗೆಮನೆ, ಬಚ್ಚಲು, ಕಕ್ಕಸು ಎಲ್ಲ ಒಳಗೇ.

ನಮಗೆ ಇದು ದೊಡ್ಡ ವಿಷಯ ಅನಿಸುವುದಿಲ್ಲ. ಆಗ ದೊಡ್ಡ ವಿಷಯವೇ. ಊರಲ್ಲಿ ಕಕ್ಕಸು ಹಿತ್ತಲಿನ ಆಚೆ. ದೇವರಕೋಣೆ, ಅಡುಗೆಮನೆಯ ಪಕ್ಕದಲ್ಲೇ ಅದು ಇರುವುದನ್ನು ಮಡಿಯವರು ಹೇಗೆ ಒಪ್ಪುತ್ತಾರೆ? ಒಳಚರಂಡಿ, ನೀರು ಬಿಡುವ ತೊಟ್ಟಿ ಬಂದದ್ದರಿಂದ ಅರ್ಧ ಒಪ್ಪಿದರು. ಉಳಿದರ್ಧಕ್ಕೆ ಕಕ್ಕಸನ್ನು ಹಿಂದಿನ ಗ್ಯಾಲರಿಯ ತುದಿಗೆ ತಳ್ಳಿದರು. ಹಳೇ ಬಿಲ್ಡಿಂಗುಗಳ ಹಿಂದೆ ಹೋಗಿ ನೋಡಿ, ಕೆಲವು ಕಡೆ ಸುರುಳಿಯಾಗಿ ಏರುವ ಕಬ್ಬಿಣದ ಮೆಟ್ಟಿಲು ಇನ್ನೂ ಇದೆ. ಶುಚಿ ಮಾಡುವವರು ಮನೆಯೊಳಗೆ ಕಾಲಿಡದೆ ಬಂದು ಹೋಗಲಿ ಅಂತ ಇಟ್ಟದ್ದು. ಗಾಳಿ ಬೆಳಕಿನ ಬಡಾವಣೆಯ ನಕ್ಷೆಯಲ್ಲೇ ಜಾತಿಗೂ ಒಂದು ಮೆಟ್ಟಿಲು. ಈ ಬಿಲ್ಡಿಂಗುಗಳ ಚೆಂದ ಹೊಗಳುವವರು ಹಿಂಬದಿಗೆ ಹೋಗುವುದು ಕಡಿಮೆ.

ಮೂರು ಬಗೆಯ ಕನ್ನಡಿಗರು

ಬ್ಲಾಕುಗಳಿಗೆ ಬಂದವರು ಯಾರು? ಗುಜರಾತಿಗಳು, ಕಚ್ಛಿಗಳು, ಮರಾಠಿಗರು. ಮಾಟುಂಗಾದಲ್ಲಿ ಮುಖ್ಯವಾಗಿ ದಕ್ಷಿಣದವರು. ಇಂಗ್ಲಿಷ್ ಬಲ್ಲ, ಟೈಪಿಂಗ್ ಬಲ್ಲ, ರೈಲ್ವೆಯಲ್ಲೋ ಕಂಪನಿಯಲ್ಲೋ ಗುಮಾಸ್ತಿಕೆ ಮಾಡುವ ತಮಿಳರು ಮೊದಲು. ದೇವಸ್ಥಾನ, ಮಾರ್ಕೆಟ್ಟು, ಬಾಳೆಎಲೆ, ಹೂವು ಅವರ ಹಿಂದೆಯೇ ಬಂದವು. 1932ರಲ್ಲಿ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿ ಹುಟ್ಟಿತು. ಉಳಿದ ಮುಂಬಯಿಗೆ ನಾವೆಲ್ಲ ಒಟ್ಟಾಗಿ ಮದ್ರಾಸಿಗಳು.

ಇದರಲ್ಲಿ ಒಂದು ಸ್ವಾರಸ್ಯ ಇದೆ. 1956ರ ತನಕ ಕನ್ನಡ ನಾಡು ಹರಿದು ಹಂಚಿತ್ತಲ್ವಾ? ಹಾಗಾಗಿ ಮಾಟುಂಗಾದ ಕನ್ನಡಿಗರೂ ಕಾಗದದ ಮೇಲೆ ಬೇರೆ ಬೇರೆ. ಮಂಗಳೂರು, ಉಡುಪಿಯವರು ಮದ್ರಾಸ್ ಪ್ರಾಂತ್ಯದವರು. ಅವರನ್ನು ಮದ್ರಾಸಿ ಅಂದರೆ ಲೆಕ್ಕದಲ್ಲಿ ತಪ್ಪಿಲ್ಲ! ಮೈಸೂರಿನವರು ಮಹಾರಾಜರ ಪ್ರಜೆಗಳು. ಅವರು 1926ರಲ್ಲೇ ಮೈಸೂರು ಅಸೋಸಿಯೇಷನ್ ಕಟ್ಟಿಕೊಂಡರು. ಅದು ಇವತ್ತಿಗೂ ಭಾವು ದಾಜಿ ರಸ್ತೆಯಲ್ಲಿದೆ, ಅಲ್ಲಿನ ಸಭಾಂಗಣದಲ್ಲಿ ನಾಟಕ ನೋಡದ ಮುಂಬಯಿ ಕನ್ನಡಿಗ ಕಡಿಮೆ. ಇನ್ನು ಕಾರವಾರ, ಧಾರವಾಡ, ಬೆಳಗಾವಿ, ಬಿಜಾಪುರದವರಿಗೆ ಬೊಂಬಾಯಿ ಪರವೂರೇ ಅಲ್ಲ, ಅವರ ಪ್ರಾಂತ್ಯದ ರಾಜಧಾನಿ. ಮಾಟುಂಗಾದಲ್ಲಿ ಭಂಡಾರ್ಕರ್ ರಸ್ತೆ, ತೇಲಂಗ್ ರಸ್ತೆಗಳ ಜೊತೆ ಒಂದು ಚಂದಾವರ್ಕರ್ ರಸ್ತೆಯೂ ಇದೆ. 1900ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ, ಬೊಂಬಾಯಿ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ನಾರಾಯಣ ಗಣೇಶ ಚಂದಾವರ್ಕರ್ ಹುಟ್ಟಿದ್ದು ನಮ್ಮ ಹೊನ್ನಾವರದಲ್ಲಿ.

ಗುಮಾಸ್ತರು ಬಂದಲ್ಲಿ ಊಟದ ಹೊಟೇಲು ಬರಲೇಬೇಕು. ಎ. ರಾಮ ನಾಯಕರು ಸ್ಟೇಷನ್ನಿನ ಎದುರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದ್ದು 1942ರಲ್ಲಿ. ಮನೆ ಮಂದಿಯನ್ನು ಊರಲ್ಲಿ ಬಿಟ್ಟು ಬಂದ ಒಂಟಿ ಗಂಡಸರಿಗೆ ಎಲೆ ಹಾಕಿ ಅನ್ನ ಸಾರು ಬಡಿಸಿದ ಜಾಗ. ಬ್ಲಾಕ್ ಸಿಕ್ಕಿದವರ ಕಥೆ ಇತಿಹಾಸದಲ್ಲಿ ಸಿಗುತ್ತದೆ. ಬ್ಲಾಕ್ ಸಿಗದೆ ಹೊಟೇಲಿನ ಮೇಜಿನ ಮೇಲೆ ಹಾಸಿಗೆ ಬಿಡಿಸಿದ ಹುಡುಗರ ಕಥೆ ಚಿಕ್ಕಪ್ಪನಂಥವರ ಬಾಯಲ್ಲಿ ಮಾತ್ರ.

ಟ್ರಸ್ಟಿನ ಇನ್ನೊಂದು ಸ್ಕೀಮಾದ ಗಾಮ್‌ದೇವಿಯಲ್ಲೂ ನಮ್ಮ ಕರಾವಳಿಯವರ ಗುರುತಿದೆ. ಅಲ್ಲಿ ಚಿತ್ರಾಪುರ ಸಾರಸ್ವತರು 1915ರಲ್ಲಿ ಸಹಕಾರಿ ಗೃಹ ಸಂಘ ಕಟ್ಟಿದರು. ದೇಶಕ್ಕೇ ಅದು ಮೊದಲನೆಯದು ಅನ್ನುತ್ತಾರೆ. ಹಿಂದೆ ನಿಂತವರು ಶ್ರೀಪಾದ ಸುಬ್ಬರಾವ್ ತಲ್ಮಕಿ. ಒಬ್ಬ ಸಾಹುಕಾರ ಕಟ್ಟಿ ಬಾಡಿಗೆಗೆ ಕೊಡುವ ಬದಲು ಬಾಡಿಗೆದಾರರೇ ಸೇರಿ ಸೈಟು ಹಿಡಿದು ಕಟ್ಟಿದರೆ ಹೇಗೆ ಅನ್ನುವ ಯೋಚನೆ. ಇವತ್ತು ಮುಂಬಯಿಯಲ್ಲಿ ಯಾರನ್ನು ಕೇಳಿದರೂ "ನಮ್ಮ ಸೊಸೈಟಿ" ಅನ್ನುತ್ತಾರಲ್ಲ, ಆ ಮಾತಿನ ಬೇರು ಅಲ್ಲಿದೆ.

ಇಷ್ಟೆಲ್ಲ ಹೇಳುವಾಗ ಒಂದು ಕೇಳಲೇಬೇಕಾದ ಪ್ರಶ್ನೆ ಉಳಿಯುತ್ತದೆ. ಪ್ಲೇಗಿನಲ್ಲಿ ಹೆಚ್ಚು ಸತ್ತದ್ದು ಕೂಲಿಯವರು. ಅವರ ಹೆಸರಿನಲ್ಲಿ ಶುರುವಾದ ಯೋಜನೆಯ ಮನೆಗಳು ಸಿಕ್ಕಿದ್ದು ಗುಮಾಸ್ತರಿಗೆ, ವಕೀಲರಿಗೆ, ವ್ಯಾಪಾರಿಗಳಿಗೆ. ಮಾಟುಂಗಾದ ಬ್ಲಾಕಿನ ಬಾಡಿಗೆ ಗಿರಣಿ ಕೂಲಿಗೆ ಎಟುಕುತ್ತಿರಲಿಲ್ಲ. ಗಿರಣಿಯಿಂದ ಇಷ್ಟು ದೂರ ಬರುವುದೂ ಆಗುತ್ತಿರಲಿಲ್ಲ. ಅವರಿಗಾಗಿ 1920ರ ದಶಕದಲ್ಲಿ ಸರ್ಕಾರ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳನ್ನು ಕಟ್ಟಿತು. ವರಳಿ, ನಾಯ್‌ಗಾಂವ್, ಡಿಲಾಯಲ್ ರೋಡ್, ಶಿವ್ಡಿ ಸೇರಿ 207 ಚಾಳು, ಒಂದು ಖೋಲಿ 160 ಚದರಡಿ. ನಾಯ್‌ಗಾಂವಿನ ಚಾಳುಗಳಿಂದ ಪಾರ್ಸಿ ಕಾಲೋನಿಗೆ ನಡೆದು ಹೋಗಬಹುದು. ಒಂದೇ ಪ್ಲೇಗಿನ ಎರಡು ಪಾಠಗಳು ಅಕ್ಕಪಕ್ಕದಲ್ಲೇ ಎದ್ದವು.

ಬಾಡಿಗೆ ನಿಂತಿತು, ಬಿಲ್ಡಿಂಗೂ ನಿಂತಿತು

1933ರಲ್ಲಿ ಟ್ರಸ್ಟ್ ಪೂರ್ತಿಯಾಗಿ ಮುನಿಸಿಪಾಲಿಟಿಯಲ್ಲಿ ಸೇರಿಹೋಯಿತು. ನೆಲದ ಒಡೆತನವೂ ಅದಕ್ಕೇ ಬಂತು. ಆಮೇಲೆ ಯುದ್ಧ, ಅದರ ಹಿಂದೆ ದೇಶ ವಿಭಜನೆ. ಮನೆ ಸಿಗುವುದು ಕಷ್ಟವಾಯಿತು. 1947ರ ಬಾಡಿಗೆ ಕಾಯ್ದೆ ಹಳೇ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟದಲ್ಲಿ ಕಟ್ಟಿಹಾಕಿತು. ತಾತ್ಕಾಲಿಕ ಅಂತ ಬಂದದ್ದು, ದಶಕಗಳ ಕಾಲ ಉಳಿಯಿತು.

ಇದರಿಂದ ಹುಟ್ಟಿದ್ದು ಪಗಡಿ. ಚಿಕ್ಕಪ್ಪ ಆ ಮನೆ ಹಿಡಿದದ್ದೂ ಹಾಗೆಯೇ. ಹಳೇ ಬಾಡಿಗೆದಾರನಿಗೆ ದೊಡ್ಡ ಮೊತ್ತ ಕೊಡಬೇಕು, ಅದರಲ್ಲಿ ಒಂದು ಪಾಲು ಮಾಲೀಕನಿಗೆ. ಆಮೇಲೆ ತಿಂಗಳ ಬಾಡಿಗೆ ನಾಮಕಾವಸ್ಥೆ. ಮನೆ ನಿಮ್ಮದಲ್ಲ, ಆದರೆ ನಿಮ್ಮನ್ನು ಯಾರೂ ಎಬ್ಬಿಸಲಾರರು. "ಬಾಡಿಗೆ ಕಟ್ಟಲು ಹೋಗುವ ಬಸ್ಸಿನ ಚಾರ್ಜು ಬಾಡಿಗೆಗಿಂತ ಜಾಸ್ತಿ ಮಾರಾಯ" ಅನ್ನುತ್ತಿದ್ದರು ಚಿಕ್ಕಪ್ಪ.

ಮಾಲೀಕನ ಕಡೆಯಿಂದ ನೋಡಿದರೆ ಅಷ್ಟು ಬಾಡಿಗೆಯಲ್ಲಿ ಸುಣ್ಣ ಬಳಿಸಲೂ ಆಗುವುದಿಲ್ಲ. ಹಾಗಾಗಿ ರಿಪೇರಿ ನಿಂತಿತು. ಕಬ್ಬಿಣ ತುಕ್ಕು ಹಿಡಿಯಿತು, ಗ್ಯಾಲರಿಯ ಕಾಂಕ್ರೀಟು ಉದುರಿತು. ಆದರೆ ಅದೇ ಕಾರಣಕ್ಕೆ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುವ ಆಸೆಯೂ ಯಾರಿಗೂ ಇರಲಿಲ್ಲ. ಮಾಟುಂಗಾ ಹಾಗೇ ಉಳಿಯಲು ಲೀಸಿನ ಷರತ್ತಿನಷ್ಟೇ ಈ ಜಗಳವೂ ಕಾರಣ ಅಂತ ನಾನು ನಂಬುತ್ತೇನೆ.

ಆಮೇಲೆ ಬಂತು ಎಫ್‌ಎಸ್‌ಐ. ಇದರ ಅರ್ಥ ಸುಲಭ. ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಸಂಖ್ಯೆ. ಹಳೇ ಮುಂಬಯಿಗೆ ಅದು 1.33 ಇತ್ತು. 10 ಸಾವಿರ ಚದರಡಿ ಸೈಟಿದ್ದರೆ ಎಲ್ಲ ಮಾಳಿಗೆ ಸೇರಿ 13,300 ಚದರಡಿ. ಓರ್ ಸಾಹೇಬರ ನಿಯಮಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಅವರದು ಕೋಣೆಯೊಳಗೆ ಕೂತವನ ಕಣ್ಣಿನಿಂದ ಹೊರಗೆ ನೋಡುವ ಲೆಕ್ಕ. ಎಫ್‌ಎಸ್‌ಐ ಹೊರಗಿನಿಂದ ಚದರಡಿ ಎಣಿಸುವ ಲೆಕ್ಕ. ಮೊದಲನೆಯದರಲ್ಲಿ ಆಕಾಶಕ್ಕೆ ಅಳತೆ ಇದೆ, ಎರಡನೆಯದರಲ್ಲಿ ಮಾರಾಟಕ್ಕೆ.

ಸೆಸ್ (ರಿಪೇರಿಗಾಗಿ ಕಟ್ಟುವ ತೆರಿಗೆ) ಕಟ್ಟುವ ಹಳೇ ಬಿಲ್ಡಿಂಗುಗಳನ್ನು ಹೊಸದಾಗಿ ಕಟ್ಟುವವರಿಗೆ ಈಗ ಎಫ್‌ಎಸ್‌ಐ 3 ಅಥವಾ ಅದಕ್ಕೂ ಹೆಚ್ಚು ಸಿಗುತ್ತದೆ. ಬಾಡಿಗೆದಾರರಿಗೆ ದುಡ್ಡಿಲ್ಲದೆ ಹೊಸ ಮನೆ, ಉಳಿದದ್ದು ಬಿಲ್ಡರ್ ಮಾರಾಟಕ್ಕೆ. ಸುತ್ತ ಬಿಡಬೇಕಾದ ಜಾಗ ಕಡಿಮೆಯಾದರೆ ಪ್ರೀಮಿಯಂ ಕಟ್ಟಿ ರಿಯಾಯಿತಿ ಪಡೆಯಬಹುದು. ಮಳೆಗಾಲದಲ್ಲಿ ಸೂರು ಬಿದ್ದೀತು ಅಂತ ನಿದ್ದೆಗೆಟ್ಟವರಿಗೆ ಲಿಫ್ಟು, ಪಾರ್ಕಿಂಗ್, ದೊಡ್ಡ ಬಚ್ಚಲು ಇರುವ ಮನೆ ಬೇಡ ಅನ್ನಲು ಹೇಗೆ ಸಾಧ್ಯ? ಹೊರಗಿನಿಂದ ಬಂದು ಹಳೇ ಬಿಲ್ಡಿಂಗಿನ ಫೋಟೋ ತೆಗೆಯುವವರಿಗೆ ಈ ಮಾತು ಹೇಳಿದರೆ ಬೇಜಾರಾಗುತ್ತದೆ.

ಚಿಕ್ಕಪ್ಪ ಈಗಿಲ್ಲ. ಚಿಕ್ಕಮ್ಮ ಇದ್ದಾರೆ. ಎರಡು ವರ್ಷದ ಹಿಂದೆ ಪಕ್ಕದ ಸೈಟಿನಲ್ಲಿ ತೆಂಗಿನ ಮರ ಇದ್ದ ಕಡೆ ಒಂದು ಟವರ್ ಎದ್ದಿತು. ಇಪ್ಪತ್ತೆರಡು ಮಾಳಿಗೆ. ಕಳೆದ ದೀಪಾವಳಿಗೆ ಹೋಗಿದ್ದಾಗ ಮಗಳ ಕಂಪಾಸ್ ಬಾಕ್ಸಿನಿಂದ ಕೋನಮಾಪಕ ತೆಗೆದುಕೊಂಡು, ದಾರಕ್ಕೆ ಕೀಲಿಕೈ ಕಟ್ಟಿ, ಅಡುಗೆಮನೆಯ ಕಿಟಕಿಯಲ್ಲಿ ನಿಂತು ಅಳೆದೆ. ಸರಿಸುಮಾರು ಎಂಬತ್ತಮೂರು ಡಿಗ್ರಿ.

"ಎಂಥದು ಮಾರಾಯ ಅದು, ಜ್ಯೋತಿಷ್ಯವಾ?" ಅಂದರು ಚಿಕ್ಕಮ್ಮ. ಅವರ ಬಿಲ್ಡಿಂಗಿನವರೂ ಬಿಲ್ಡರಿಗೆ ಸಹಿ ಹಾಕಿಯಾಗಿದೆ. ಹೊಸ ಮನೆ ಹದಿನಾಲ್ಕನೇ ಮಾಳಿಗೆಯಲ್ಲಂತೆ. ಅಲ್ಲಿಯ ತನಕ ಸಂಡಿಗೆ ತಟ್ಟೆ ಹಿಡಿದುಕೊಂಡು, ಮೊಣಕಾಲು ನೋವಿನಲ್ಲೂ, ದಿನಾ ಟೆರೇಸಿಗೆ ಹತ್ತುತ್ತಾರೆ.